ಬಾವಿಯೊಳಗಿನ ಗವಿಗೆ ಇಳಿಯುವ ಚಿಕ್ಕಬೈರಪ್ಪ

ಟಿಕ್, ಟಿಕ್, ಟಿಕ್. ಬೆಳಗಾಗಲು ಇನ್ನೂ ಹೊತ್ತಿದೆ. ಪಟ್ಟಂದೂರು ಅಗ್ರಹಾರದಾಚೆಯ ಹೊಲವೊಂದರಲ್ಲಿ, ಬಾವಿಕಟ್ಟೆಯ ಮೇಲೆ ಕುಳಿತ ಚಿಕ್ಕಬೈರಪ್ಪ ಸೈಕಲ್ಲಿನ ಪೆಡಲನ್ನು ಕೈಯಲ್ಲೇ ತಿರುಗಿಸಿ ನೋಡುತ್ತಿದ್ದಾರೆ. ಸರಪಳಿಯ ಒಂದು ಕೊಂಡಿ ಹಲ್ಲಿನ ಮೇಲೆ ಸರಿಯಾಗಿ ಕೂರುತ್ತಿಲ್ಲ. ಆ ಸದ್ದು ನಿಲ್ಲುವವರೆಗೆ ಅವರು ನೀರಿಗೆ ಇಳಿಯುವುದಿಲ್ಲ. ಇದು ಓಡಾಡುವ ಸೈಕಲ್ ಅಲ್ಲ. ನೀರಿನಡಿಯಲ್ಲಿ ಅವರಿಗೆ ಉಸಿರು ಕಳುಹಿಸುವುದು ಇದೇ.

ಹಿಂದಿನ ಚಕ್ರ ತೆಗೆದು ಆ ಜಾಗದಲ್ಲಿ ಹಳೆಯ ಲಾರಿಯೊಂದರ ಗಾಳಿ ಪಂಪನ್ನು ಕೂರಿಸಿದ್ದಾರೆ. ಮೇಲೆ ಒಬ್ಬರು ತುಳಿದರೆ ರಬ್ಬರ್ ಕೊಳವೆಯಲ್ಲಿ ಗಾಳಿ ಕೆಳಗಿಳಿಯುತ್ತದೆ. ಪಂಪಿಗೆ ಎಂಜಿನ್ ಎಣ್ಣೆ ಹಾಕಿದರೆ ಅದರ ಹೊಗೆ ಎದೆಗೆ ಹೋಗುತ್ತದೆಂದು ಕೊಬ್ಬರಿ ಎಣ್ಣೆ ಹಾಕುತ್ತಾರೆ. "ಒಳಗೆ ಉಸಿರು ಎಳ್ಕಂಡ್ರೆ ಯಾರೋ ಪಕ್ಕದಲ್ಲಿ ಕೂತು ತಲೆ ಬಾಚ್ಕತಾ ಅವ್ರೆ ಅನ್ನಿಸ್ತದೆ," ಎಂದು ಚಿಕ್ಕಬೈರಪ್ಪ ನಗುತ್ತಾರೆ.

ನಮ್ಮ ಸುತ್ತಿನ ಹಳೆಯ ಬಾವಿಗಳು ಬರೀ ಕೆಳಕ್ಕೆ ಇಳಿದವಲ್ಲ. ಬಂಡೆ ಸಿಕ್ಕಾಗ ತೋಡುವವರು ನೀರಿನ ಸೆಲೆ ಬಂದ ಬಿರುಕನ್ನೇ ಹಿಡಿದು ಅಡ್ಡಕ್ಕೆ ಕೊರೆದು ಹೋಗಿದ್ದಾರೆ. ಅದನ್ನು ಗವಿ ಎನ್ನುತ್ತಾರೆ. ಬಾವಿಯಲ್ಲಿ ನೀರಿದ್ದಾಗ ಗವಿಯೂ ತುಂಬಿರುತ್ತದೆ. ಹೂಳು ಕಟ್ಟಿ ನೀರು ಬರುವುದು ನಿಂತರೆ, ಪಂಪಿನ ಕೊಳವೆ ತುದಿಯ ಫುಟ್‌ವಾಲ್ವ್ ಕಳಚಿ ಒಳಗೆ ಸೇರಿದರೆ, ಯಾರಾದರೂ ಒಬ್ಬರು ಆ ಕತ್ತಲೊಳಗೆ ತೆವಳಬೇಕು. ವೈಟ್‌ಫೀಲ್ಡಿನಿಂದ ಚಂದಾಪುರದವರೆಗೆ ಆ ಒಬ್ಬರು ಬಹಳ ಸಲ ಚಿಕ್ಕಬೈರಪ್ಪನೇ ಆಗಿರುತ್ತಾರೆ. ಬಾವಿಯ ಮಾಲೀಕರಿಗೆ ಅವರ ಹೆಸರೂ ನೆನಪಿರುವುದಿಲ್ಲ.

ವಾರವಿಡೀ ಅವರು ಪೀಣ್ಯದ ಫೌಂಡ್ರಿಯೊಂದರಲ್ಲಿ ಎರಕದ ಅಚ್ಚು ಒಡೆಯುತ್ತಾರೆ. ಎಪ್ಪತ್ತೈದನೇ ಇಸವಿಯಲ್ಲಿ ಕೆಲಸಕ್ಕೆ ಸೇರಿದ್ದು, ಎಂಟು ವರ್ಷವಾಯಿತು. ಭಾನುವಾರ ಮಾತ್ರ ನೀರು. ಹಗ್ಗ ಹಿಡಿಯುವ ಗೋಪಾಲಪ್ಪ ಅದೇ ಫೌಂಡ್ರಿಯವರು. ಪೆಡಲ್ ತುಳಿಯುವ ಜಯಸಿಂಹ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತಮ್ಮ ಮನೆಯ ಬಾವಿಗೆ ಚಿಕ್ಕಬೈರಪ್ಪ ಬರೀ ಉಸಿರು ಕಟ್ಟಿ ಇಳಿದದ್ದನ್ನು ಕಂಡ ರಾತ್ರಿ ತಮಗೆ ನಿದ್ದೆ ಬರಲಿಲ್ಲವೆಂದು ಜಯಸಿಂಹ ಹೇಳುತ್ತಾರೆ. ಸೈಕಲ್ ಪಂಪು ಮಾಡಿದ್ದು ಅವರೇ. ಲಾರಿ ಟ್ಯೂಬು ಕತ್ತರಿಸಿ, ಗಾಜು ಕೂರಿಸಿ ಕಣ್ಣಿನ ಕವಚ ಮಾಡಿಕೊಟ್ಟದ್ದೂ ಅವರೇ.

ಚಿಕ್ಕಬೈರಪ್ಪನ ಎಡಗಿವಿ ಕೇಳಿಸುವುದಿಲ್ಲ. ಆಳದ ಒತ್ತಡಕ್ಕೆ ಹೋಯಿತು. ಬೆನ್ನಿನ ಮೇಲೆ ಬಂಡೆ ಗೀರಿದ ಉದ್ದನೆಯ ಗಾಯದ ಗುರುತಿದೆ. ಒಮ್ಮೆ ಗವಿಯಲ್ಲಿ ಹೂಳು ಕದಡಿ, ದಾರಿ ತಿಳಿಯದೆ ಇನ್ನೂ ಒಳಕ್ಕೇ ಹೋಗಿದ್ದರಂತೆ. ಆಮೇಲೆ ಒಂದು ನಿಯಮ: ಹೋಗುವಾಗ ಎಡಗೈ ಗೋಡೆಯ ಮೇಲೆ, ಬರುವಾಗ ಬಲಗೈ. ಟಾರ್ಚನ್ನು ನಂಬುವುದಿಲ್ಲ. "ಬೆಳಕು ಕೆಸರಲ್ಲಿ ಸುಳ್ಳು ತೋರಿಸ್ತದೆ ಮೇಡಂ. ಕೈ ಸುಳ್ಳು ಯೋಳಲ್ಲ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಈ ಭಾನುವಾರದ ಕೆಲಸ ಬೇರೆ ಥರದ್ದು. ಹೊಲದ ಮಾಲೀಕ ದೊಡ್ಡಮುನಿಯಪ್ಪನವರನ್ನು ಒಬ್ಬ ಟ್ಯಾಂಕರ್ ಕಂಟ್ರಾಕ್ಟರ್ ಬಂದು ಕಂಡಿದ್ದಾರೆ. ರಸ್ತೆಯಾಚೆ ಕಟ್ಟುತ್ತಿರುವ ಹೊಸ ಲೇಔಟಿಗೆ ನೀರು ಬೇಕು. ಗವಿ ದೊಡ್ಡದಿದ್ದು ಒಳಗೆ ನೀರಿನ ರಾಶಿ ಇದ್ದರೆ ಇಲ್ಲಿ ದೊಡ್ಡ ಮೋಟಾರು ಕೂರುತ್ತದೆ. ಇಲ್ಲದಿದ್ದರೆ ಬೇರೆ ಊರು. ಆದ್ದರಿಂದ ಗವಿಯನ್ನು ಅಳೆದು ಹೇಳಬೇಕೆಂದು ಕಂಟ್ರಾಕ್ಟರ್ ಮೂವರನ್ನೂ ಕರೆಸಿದ್ದಾರೆ.

ಅಳೆಯುವ ವಿಧಾನ ಸರಳ. ಗವಿಯ ಬಾಯಿಗೆ ತಲುಪಿದಾಗ ಚಿಕ್ಕಬೈರಪ್ಪ ಹಗ್ಗ ಜಗ್ಗುತ್ತಾರೆ. ಮೇಲೆ ಗೋಪಾಲಪ್ಪ ತನ್ನ ಕೈಯಲ್ಲಿರುವ ಜಾಗಕ್ಕೆ ಒಂದು ಕೆಂಪು ಬಟ್ಟೆಚೂರು ಕಟ್ಟುತ್ತಾರೆ. ಗವಿಯ ಕೊನೆ ಮುಟ್ಟಿದಾಗ ಮತ್ತೆ ಜಗ್ಗಿದರೆ ಎರಡನೆಯದು. ಎರಡರ ನಡುವಿನ ಹಗ್ಗವೇ ಗವಿಯ ಉದ್ದ.

ಬೆಳಕು ಹರಿಯುತ್ತಿದ್ದಂತೆ ಊರಿನ ಹೆಂಗಸರು ಕೊಡ ಹಿಡಿದು ಬರುತ್ತಾರೆ. ಊರಿನ ನಲ್ಲಿಯಲ್ಲಿ ನೀರು ಬಂದು ವಾರ ಕಳೆದಿದೆ. ಉಳಿದ ಬಾವಿಗಳ ತಳ ಕಾಣಿಸುತ್ತಿದೆ. ಪಿಳ್ಳಮ್ಮ ಎಂಬ ಹಿರಿಯಾಕೆ ಸೈಕಲ್ಲನ್ನೂ ಕೊಳವೆಯನ್ನೂ ಒಮ್ಮೆ ನೋಡಿ, ಯಾರಿಗೋಸ್ಕರ ಅಳೆಯುತ್ತಿದ್ದೀರಿ ಎಂದು ಕೇಳುತ್ತಾರೆ. ಗೋಪಾಲಪ್ಪ ಇದ್ದದ್ದನ್ನು ಹೇಳುತ್ತಾರೆ.

"ಅಂಗಾರೆ ನಮ್ಮ ಕೊಡಾನೂ ಅಳ್ಕಂಡು ಓಗ್ರಪ್ಪ," ಎನ್ನುತ್ತಾರೆ ಪಿಳ್ಳಮ್ಮ. ದನಿಯಲ್ಲಿ ಕೋಪವಿಲ್ಲ. ಕೊಡ ತುಂಬಿಕೊಂಡು ಅಲ್ಲೇ ಕಟ್ಟೆಯ ತುದಿಯಲ್ಲಿ ಕೂರುತ್ತಾರೆ.

ಚಿಕ್ಕಬೈರಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಕೊಳವೆಯ ತುದಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಕವಚ ಕಟ್ಟಿಕೊಂಡು, ಮೆಟ್ಟಿಲುಗಲ್ಲುಗಳ ಮೇಲೆ ಕಾಲೂರಿ ಇಳಿಯುತ್ತಾರೆ. ನೀರು ಭುಜಕ್ಕೆ ಬಂದಾಗ ತಲೆಯೆತ್ತಿ ಜಯಸಿಂಹರನ್ನು ನೋಡುತ್ತಾರೆ. "ಹೋಗ್ಬಾ ಗುರು, ತುಳೀತಾ ಇರ್ತೀನಿ," ಎನ್ನುತ್ತಾರೆ ಜಯಸಿಂಹ. ತಲೆ ಮುಳುಗುತ್ತದೆ. ಒಂದಿಷ್ಟು ಗುಳ್ಳೆ, ಆಮೇಲೆ ಹಗ್ಗದ ಸರಿದಾಟ ಮಾತ್ರ.

ಇಂಥ ಹೊತ್ತಿನಲ್ಲಿ ನೋಡುವವರಿಗೆ ಹಗ್ಗವೊಂದೇ ಗತಿ. ಅದು ಒಮ್ಮೆ ಜಗ್ಗುತ್ತದೆ. ಮೊದಲ ಕೆಂಪು ಚೂರು. ನಿಧಾನವಾಗಿ ಒಳಕ್ಕೆ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಜಯಸಿಂಹರ ಅಂಗಿ ಬೆನ್ನಿಗಂಟಿದೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವುದಿಲ್ಲ. ಒರೆಸಿದರೆ ತುಳಿತದ ಲಯ ತಪ್ಪುತ್ತದೆ. ಗೋಪಾಲಪ್ಪ ಹಗ್ಗವನ್ನು ಬೆರಳ ತುದಿಯಲ್ಲಿ ಹಿಡಿದಿದ್ದಾರೆ, ನಾಡಿ ನೋಡುವ ಹಾಗೆ. ಹಗ್ಗ ನಿಂತೇಬಿಡುತ್ತದೆ. ಕೊಡ ಸೇದುತ್ತಿದ್ದ ಹೆಂಗಸರು ತಾವಾಗಿಯೇ ಸೇದುವುದನ್ನು ಬಿಟ್ಟು ನಿಲ್ಲುತ್ತಾರೆ.

ಮತ್ತೆ ಜಗ್ಗು. ಎರಡನೆಯ ಚೂರು.

ಮೇಲೆ ಬಂದ ಚಿಕ್ಕಬೈರಪ್ಪನ ಮೊಣಕೈ ತರಚಿದೆ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ. ಆಮೇಲೆ ಮೊದಲು ಆಡಿದ ಮಾತು ಗೋಪಾಲಪ್ಪನಿಗೆ: "ಹಗ್ಗದ್ ಮೇಲಿನ್ ಬಟ್ಟೆಚೂರು ಬಿಚ್ಚು."

ಗೋಪಾಲಪ್ಪ ಅವರ ಮುಖ ನೋಡುತ್ತಾರೆ. ಒಪ್ಪಿಕೊಂಡು ಬಂದ ಕೆಲಸವಿದು, ಈ ಕಂಟ್ರಾಕ್ಟರ್ ಕೈ ಬಿಟ್ಟರೆ ಮುಂದೆ ಈ ಕಡೆ ಯಾರೂ ಕರೆಯುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಚಿಕ್ಕಬೈರಪ್ಪ ಒದ್ದೆ ಕೈ ಚಾಚಿ ಒಂದು ಚೂರನ್ನು ತಾವೇ ಬಿಚ್ಚುತ್ತಾರೆ. ಇನ್ನೊಂದನ್ನು ಗೋಪಾಲಪ್ಪ ಬಿಚ್ಚುತ್ತಾರೆ. ಜಯಸಿಂಹ ಹಗ್ಗವನ್ನು ಸುತ್ತಿ ಸೈಕಲ್ಲಿಗೆ ನೇತುಹಾಕುತ್ತಾರೆ.

ಅಷ್ಟರಲ್ಲಿ ಜೀಪು ಬರುತ್ತದೆ. ಕಂಟ್ರಾಕ್ಟರ್ ಸಭ್ಯಸ್ಥರು, ತಮ್ಮ ಹೆಸರು ಬರೆಯಬೇಡಿ ಎಂದಿದ್ದಾರೆ. ಎಷ್ಟುದ್ದ ಇದೆ ಎಂದು ವಿಚಾರಿಸುತ್ತಾರೆ.

"ನೋಡ್ಕಂಡ್ ಬಂದೆ ಸಾರ್. ಯೋಳಲ್ಲ," ಎನ್ನುತ್ತಾರೆ ಚಿಕ್ಕಬೈರಪ್ಪ.

"ಹೇಳಲ್ಲ ಅಂದ್ರೆ ಜಾಸ್ತಿ ಇದೆ ಅಂತ ತಾನೇ?"

"ಒಂದು ಬಿಂದಿಗೆ ಇದ್ರೂ ಇಂಗೇ ಅಂತಿದ್ದೆ. ಇಳಿಯಾಕ್ ಮುಂಚೇನೇ ಯೋಚ್ನೆ ಮಾಡ್ಕಂಡಿದ್ದೆ."

ಕಂಟ್ರಾಕ್ಟರ್ ಗೋಪಾಲಪ್ಪನ ಕಡೆ ತಿರುಗುತ್ತಾರೆ. ಗೋಪಾಲಪ್ಪ ನೆಲ ನೋಡುತ್ತಾರೆ. ಬೇರೆಯವರನ್ನು ಕರೆಸುತ್ತೇನೆ ಎಂದು ಕಂಟ್ರಾಕ್ಟರ್ ಹೇಳಿದರೆ, ಕರೆಸಿ ಸಾರ್, ಗವಿಯ ಬಾಯಿ ಕಿರಿದು, ಹುಷಾರಾಗಿ ಇಳಿಯೋಕೆ ಹೇಳಿ ಎಂದು ಚಿಕ್ಕಬೈರಪ್ಪ ನಿಜವಾದ ಕಾಳಜಿಯಿಂದಲೇ ಉತ್ತರಿಸುತ್ತಾರೆ. ಮುಂಗಡವಾಗಿ ಕೊಟ್ಟಿದ್ದ ಹಣವನ್ನು ಕಟ್ಟೆಯ ಮೇಲಿಟ್ಟಿದ್ದ ಅಂಗಿಯ ಜೇಬಿನಿಂದ ತೆಗೆದು ಹಿಂದಿರುಗಿಸುತ್ತಾರೆ. ಜೀಪು ಬಂದ ದಾರಿಯಲ್ಲೇ ಹೋಗುತ್ತದೆ. ದೊಡ್ಡಮುನಿಯಪ್ಪನವರು ಅದರ ಹಿಂದೆ ಒಂದಿಷ್ಟು ದೂರ ನಡೆದು, ಕೈಯಾಡಿಸಿ, ಮನೆಯ ಕಡೆ ಹೊರಡುತ್ತಾರೆ.

ಹೊಲ ಖಾಲಿಯಾದ ಮೇಲೆ ಪಿಳ್ಳಮ್ಮ ಹತ್ತಿರ ಬರುತ್ತಾರೆ. ಅವರ ದನಿ ಈಗ ಮೆತ್ತಗಾಗಿದೆ. "ನಮಗಾದ್ರೂ ಯೋಳಪ್ಪ. ಮಳೆ ಬರಾಗಂಟ ಆಯ್ತದಾ?"

ಚಿಕ್ಕಬೈರಪ್ಪ ಆಕೆಯ ಕೊಡವನ್ನು ಎತ್ತಿ ಸೊಂಟಕ್ಕೆ ಕೊಡುತ್ತಾರೆ. "ಓದ ವರ್ಷ ಎಂಗೆ ಸೇದ್ತಿದ್ರೋ ಅಂಗೇ ಸೇದು ಅಕ್ಕ," ಎನ್ನುತ್ತಾರೆ. ಆಕೆ ಅವರ ಮುಖದಲ್ಲಿ ಏನನ್ನೋ ಹುಡುಕಿ, ಸಿಗದೆ, ಹೊರಟುಹೋಗುತ್ತಾರೆ.

ಊರಿನವರಿಗೂ ಏಕೆ ಹೇಳಲಿಲ್ಲವೆಂದು ಕೇಳುತ್ತೇನೆ.

"ಜಾಸ್ತಿ ಐತೆ ಅಂದ್ರೆ ಸಂಜೆ ಒತ್ಗೆ ಜೀಪು ವಾಪಸ್ ಬತ್ತದೆ. ಕಮ್ಮಿ ಐತೆ ಅಂದ್ರೆ ಎಲ್ರೂ ದಿಗಿಲು ಬಿದ್ದು ರಾತ್ರಿಯೆಲ್ಲ ಸೇದಿ ಸೇದಿ ಒಂದೇ ವಾರಕ್ಕೆ ಬತ್ತಿಸ್ಬುಡ್ತಾರೆ."

ಉದ್ದವನ್ನು ಗೋಪಾಲಪ್ಪನೂ ಬಲ್ಲರು. ಆದರೆ ಅಗಲ, ಎತ್ತರ, ಆ ಕೊನೆಯಲ್ಲಿ ಏನಿದೆ ಎಂಬುದು ಕೈಯಿಂದ ಮುಟ್ಟಿ ಬಂದವರಿಗಷ್ಟೇ ಗೊತ್ತು. ಅದನ್ನು ದಾರಿಯಲ್ಲಾದರೂ ಹೇಳು ಮಾರಾಯ, ತುಳಿದೂ ತುಳಿದೂ ಕಾಲು ಬಿದ್ದು ಹೋಗಿದೆ ಎಂದು ಜಯಸಿಂಹ ಛೇಡಿಸುತ್ತಾರೆ. ಮನೆಯಲ್ಲಿ ಹೆಂಡತಿ ವೆಂಕಟಮ್ಮ ಕೇಳಿದರೆ ಏನು ಮಾಡುತ್ತೀ ಎಂದು ಗೋಪಾಲಪ್ಪ ಕೇಳುತ್ತಾರೆ.

ಚಿಕ್ಕಬೈರಪ್ಪ ಒದ್ದೆ ಪಂಚೆ ಹಿಂಡಿ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ನಾಳೆ ಮೊದಲ ಪಾಳಿ; ಪೀಣ್ಯಕ್ಕೆ ಎರಡು ಬಸ್ಸು ಹಿಡಿಯಬೇಕು.

"ಅವ್ಳಿಗೂ ಇಲ್ಲ, ನಿಮ್ಗೂ ಇಲ್ಲ," ಎಂದು ಗೆಳೆಯರಿಬ್ಬರಿಗೂ ಹೇಳಿ, ಆಮೇಲೆ ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು, ನಾನಿನ್ನೂ ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಾರೆ. "ನೀವೂ ಬೇಜಾರು ಮಾಡ್ಕಬ್ಯಾಡಿ ಮೇಡಂ. ಇದು ನನ್ನ ಜೊತೇಲೇ ಇರ್ಲಿ."