ನಿಂತು ಕೆಟ್ಟ ಹನ್ನೆರಡು ಬಾಟಲಿ

ಶಾಲಾ ಬಸ್ಸಿನ ಚಾಲಕ ಮಲ್ಹೆಮ್ ಸುಲಭಕ್ಕೆ ಬೆವರುವ ಆಸಾಮಿಯಲ್ಲ. ಹಿಮ ಬಿದ್ದ ತಿರುವಿನಲ್ಲೂ ನಲವತ್ತು ಮಕ್ಕಳನ್ನು ಕೂರಿಸಿಕೊಂಡು ಸಿಳ್ಳೆ ಹಾಕುತ್ತಾ ಜಹ್ಲೆ ಪಟ್ಟಣಕ್ಕೆ ಇಳಿಯುವವನು. ಅಂಥವನು ಆ ಶನಿವಾರ ಬಡಗಿ ತನ್ನೂಸನ ಅಂಗಡಿಯಲ್ಲಿ, ವೈನ್ ಬಾಟಲಿ ಇಡುವ ಗೂಡು ಆರಿಸಲು ಹೋಗಿ, ಅಂಗಿ ಒದ್ದೆ ಮಾಡಿಕೊಂಡ. ಪಕ್ಕದ ಮನೆಯವನಾದ್ದರಿಂದ ನಾನೂ ಜೊತೆಗಿದ್ದೆ.

ಮಗಳು ರಿಂದಲಾ ಹುಟ್ಟಿದ ವರ್ಷ ಮಲ್ಹೆಮನ ಮಾವ ಇಸ್ಕಂದರ್ ತಮ್ಮ ತೋಟದ ದ್ರಾಕ್ಷಿ ತುಳಿದು, ಹನ್ನೆರಡು ಬಾಟಲಿ ವೈನ್ ತುಂಬಿ ಕೊಟ್ಟಿದ್ದರು. ಅವಳ ಮದುವೆಯ ದಿನವೇ ತೆರೆಯಬೇಕು ಎಂಬ ಕರಾರು. ಈಗ ಮದುವೆ ಗೊತ್ತಾಗಿತ್ತು. ಎಂಬತ್ತಮೂರರ ಮಾವ ಭಾನುವಾರ ಊಟಕ್ಕೆ ಬಂದು ಬಾಟಲಿಗಳ ಮುಖ ನೋಡುವೆನೆಂದು ಹೇಳಿ ಕಳಿಸಿದ್ದರು. ಅವು ರಟ್ಟಿನ ಪೆಟ್ಟಿಗೆಯಲ್ಲಿದ್ದರೆ ಮರ್ಯಾದೆ ಹೋಗುತ್ತದೆಂದು ಮಲ್ಹೆಮನ ಹೆಂಡತಿ ವದಾದ್ ಗೂಡು ತರಲು ಅಟ್ಟಿದ್ದಳು.

ತನ್ನೂಸ್ ಅಕ್ರೋಟು ಮರದ ಗೂಡು ತೋರಿಸಿದ. ಹನ್ನೆರಡು ತೂತು, ಎಲ್ಲವೂ ಅಡ್ಡಡ್ಡ.

"ಇದರಲ್ಲಿ ಎಲ್ಲಾ ಮಲಗೇ ಇರ್ತವಲ್ಲ. ನಿಲ್ಲಿಸೋ ಅಂಥದ್ದು ಇಲ್ವೇನಣ್ಣ?" ಎಂದ ಮಲ್ಹೆಮ್.

ತನ್ನೂಸನ ಕೈಯ ಉಜ್ಜುಗೊರಡು ನಿಂತಿತು. "ಈಗ ಹೇಗಿಟ್ಟಿದೀಯ?"

"ನಿಲ್ಲಿಸಿದೀನಿ."

"ಎಷ್ಟು ದಿನದಿಂದ?"

"ಇಪ್ಪತ್ತಾರು ವರ್ಷ."

ತನ್ನೂಸ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ತಪ್ಪು ಮಲ್ಹೆಮನ ಹುಟ್ಟಿನಲ್ಲೇ ಇತ್ತು. ಲೆಬನಾನಿಗೆಲ್ಲ ಸೋಂಪಿನ ಸಾರಾಯಿ ಅರಕ್ ಕುಡಿಸಿದ ಊರು ನಮ್ಮದು; ಅವನದು ಅರಕ್ ಕಾಯಿಸುವ ಮನೆ. ಅರಕ್ಕಿನ ಬಾಟಲಿ ನಿಂತೇ ಇರಬೇಕು, ಮಲಗಿಸಿದರೆ ಖಾರಕ್ಕೆ ಬಿರಡೆಯೇ ಕರಗುತ್ತದೆ. ಬಾಟಲಿ ಮಲಗಿಸಿದ್ದಕ್ಕೆ ಎಳೆಯದರಲ್ಲಿ ಅಪ್ಪನಿಂದ ಕಪಾಳಕ್ಕೆ ತಿಂದಿದ್ದ. ವೈನಿನ ರೀತಿ ತಿರುವುಮುರುವು: ಬಾಟಲಿ ಮಲಗಿ ಬಿರಡೆ ನೆನೆಯುತ್ತಲೇ ಇರಬೇಕು, ಒಣಗಿದರೆ ಗಾಳಿ ನುಗ್ಗಿ ವೈನು ವಿನೆಗರ್ ಆಗುತ್ತದೆ. ಇಪ್ಪತ್ತಾರು ವರ್ಷ ಅವನ ನಿಲುವು ಬದಲಾಗಲಿಲ್ಲ, ಬಾಟಲಿಗಳದ್ದೂ.

ಗೂಡು ಮನೆಗೆ ಬಂತು. ವಿಷಯ ಕೇಳಿದ ವದಾದ್ ಬಾಗಿಲು ಹಾಕಿ ಪಿಸುಗುಟ್ಟಿದಳು: "ಈಗ ಮಲಗಿಸಿಬಿಡಿ. ಧೂಳು ಒರೆಸ್ಬೇಡಿ, ಅಪ್ಪನಿಗೆ ಧೂಳು ಕಂಡ್ರೆ ಪ್ರೀತಿ. ನಾಳೆ ಯಾರೂ ತೆರೆಯಲ್ಲ."

"ಮದುವೆ ದಿನ? ಮುನ್ನೂರು ಜನರ ಎದುರಿಗೆ?"

"ಅಲ್ಲೀವರೆಗೆ ಏನಾದ್ರೂ ಯೋಚಿಸೋಣ."

ಭಾನುವಾರದ ಊಟಕ್ಕೆ ನನ್ನನ್ನೂ ಕರೆದಿದ್ದರು. ಮಾವ ಬಂದವರೇ ಊಟಕ್ಕೂ ಕೂರದೆ ನೇರ ಗೂಡಿನ ಮುಂದೆ ನಿಂತರು. ಒಂದು ಬಾಟಲಿ ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳು ಬಾಟಲಿಯ ಭುಜದ ಸುತ್ತ ಒಂದು ಸುತ್ತು ಹೋಗಿ ಬಂತು. ಅಡುಗೆಮನೆಯಲ್ಲಿ ವದಾದಳ ಸೌಟು ಸದ್ದು ನಿಲ್ಲಿಸಿತು.

"ಅಳಿಯಂದಿರೇ, ಮಲಗಿದ್ದ ಬಾಟಲಿಗೆ ಧೂಳು ಒಂದೇ ಮಗ್ಗುಲಿಗೆ ಕೂರತ್ತೆ. ಇದು ಭುಜದ ಸುತ್ತ ಶಾಲು ಹೊದ್ದಿದೆ."

ಮಲ್ಹೆಮ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

"ನಿಲ್ಲಿಸಿದ್ದೆ, ಮಾವ. ಮಲಗಿಸಿದ್ದು ನಿನ್ನೆ."

"ಬಿರಡೆ ತೆಗೆಯೋ ತಿರುಪು ಕೊಡು."

ಮೊದಲ ಬಿರಡೆ ಪುಡಿಪುಡಿಯಾಗಿ ಬಂತು. ಮಾವ ಮೂಸಿದರು, ನಾಲಿಗೆಗೆ ಮುಟ್ಟಿಸಿದರು, ಪಕ್ಕಕ್ಕಿಟ್ಟರು. ಎರಡನೆಯದು. ಮೂರನೆಯದರ ಹುಳಿ ವಾಸನೆ ನನ್ನ ಕುರ್ಚಿಯವರೆಗೂ ಬಂತು. ಅವರು ಮೆಲ್ಲಗೆ ಕೂತು, ಆ ಬಾಟಲಿಯನ್ನು ಹಾಗೇ ಎದುರಿಗಿದ್ದ ಫತ್ತೂಷ್ ತಟ್ಟೆಯ ಸೊಪ್ಪು ಸೌತೆಯ ಮೇಲೆ ಬಗ್ಗಿಸಿದರು. ಒಂದು ತುತ್ತು ಅಗಿದರು.

"ಸಂಬಂಧಕ್ಕೆ ಹುಳಿ ಹಿಂಡೋದು ಅಂದ್ರೆ ಇದೇ ನೋಡು."

ಯಾರೂ ನಗಲಿಲ್ಲ. ಮಲ್ಹೆಮ್ ತಲೆ ತಗ್ಗಿಸಿ ನಿಂತೇ ಇದ್ದ.

"ನಿಮ್ಮಪ್ಪ ಕಾಯಿಸಿದ ಅರಕ್ ಉಳಿದಿದೆಯೇನೋ?"

"ಹದಿನಾಲ್ಕು ಬಾಟಲಿ. ನಿಂತೇ ಇವೆ."

"ಮದುವೆಗೆ ಅದನ್ನೇ ಸುರಿ. ನಿಮ್ಮಪ್ಪನಾದ್ರೂ ನಗಲಿ." ಅವರು ಗೂಡನ್ನು ತಡವಿದರು. "ಇದು ಖಾಲಿ ಇರಬಾರದು. ಕೊಯ್ಲಿಗೆ ಎಂಟು ವಾರ ಇದೆ. ನನ್ನ ಮಂಡಿ ಇನ್ನು ತುಳಿಯಲ್ಲ. ನಾನು ಕುರ್ಚಿ ಹಾಕ್ಕೊಂಡು ಬಯ್ತೀನಿ, ನೀನು ತುಳಿ. ಈ ಮದುವೆಗಲ್ಲ, ರಿಂದಲಾಗೆ ಹುಟ್ಟೋ ಮಗುವಿಗೆ."

"ಆಗಲಿ, ಮಾವ."

"ಈಗ ಕೂತ್ಕೋ. ಇಪ್ಪತ್ತಾರು ವರ್ಷ ನಿಲ್ಲಿಸಿದ್ದು ಸಾಕು."