ತುಪ್ಪವಿಲ್ಲದ ಹೋಳಿಗೆ

ಆರೋಗ್ಯಕರ ಊಟದ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ. ಭಾಲ್ಕಿಯಲ್ಲಿ ಭಾಷಣ ಮುಗಿಸಿ ಕೆಳಗಿಳಿದಾಗ ಔರಾದಿನ ಹೆಂಗಸೊಬ್ಬಳು ಅಡ್ಡ ಬಂದಳು.

"ಮಗಳನ್ನ ನೋಡ್ಲಾಕ ಬಂದವರಿಗಿ, ನೀವು ಪೇಪರ್‌ದಾಗ ಬರೆದಂಗ, ತುಪ್ಪ ಇಲ್ದ ಹೋಳಿಗಿ ಬಡಿಸಿದೆರಿ. ಎಂಟು ದಿನ ಆಯ್ತು, ಜವಾಬಿಲ್ಲ. ಕಂಜೂಸ್ ಮಂದಿ ಅಂದ್ಕೊಂಡಾರ. ನೀವೇ ಹೇಳ್ರಿ ಅವರಿಗಿ."

ನಂಬರು ಒತ್ತಿ ಫೋನು ನನ್ನ ಕೈಗಿಟ್ಟಳು. ಏನು ಹೇಳುವುದೆಂದು ತೋಚುವ ಮೊದಲೇ ಹುಡುಗನ ತಂದೆ ಎತ್ತಿದರು. ತುಪ್ಪ ಬಡಿಸದಿದ್ದುದಕ್ಕೆ ನಾನೇ ಕಾರಣ ಎಂದೆ.

"ತುಪ್ಪದ ಮಾತು ಯಾಕ್ರಿ? ನನಗ ಶುಗರ್ ಅದ. ಒತ್ತಾಯಕ್ಕ ನಾಲ್ಕು ಹೋಳಿಗಿ ತಿಂದು ದವಾಖಾನಿ ಸೇರಿದ್ದೆ. ನಿನ್ನಿ ಮನಿಗಿ ಬಂದೇನಿ. ಹುಡುಗಿ ಪಸಂದ್ ಅಂತ ಹೇಳ್ರಿ."

ಹೇಳಿದೆ. ಆಕೆ ಕಣ್ಣೊರೆಸಿಕೊಂಡು, ಎದುರಿನ ಅಂಗಡಿಯಿಂದ ಪೇಡೆ ತಂದು ಬಾಯಿ ತನಕ ಹಿಡಿದಳು. ಬೇಡ ಎನ್ನುವುದನ್ನು ಊರಿಗೆಲ್ಲ ಕಲಿಸುವ ನಾನು, ಯಾಕೋ, ಎರಡು ತಿಂದೆ.