ತನ್ನ ದೃಷ್ಟಿ ತಾನೇ ತೆಗೆಯಲಾಗದ ನಾಯಕಿ

ಸಿಂಚನಾಳನ್ನು ನಾನು ಮೊದಲು ಕಂಡ ದಿನ ದೂರದೇಶದ ಪಾಪಟೋಟೊಯಿ ಊರಿನ ನಮ್ಮ ಮಗಳ ಮನೆಯಲ್ಲಿ ಸ್ಮೋಕ್ ಅಲಾರಂ ಕೂಗುತ್ತಿತ್ತು. ನನ್ನ ಹೆಂಡತಿ ಇಂದಿರಾ ಮೊಮ್ಮಗುವಿಗೆ ದೃಷ್ಟಿ ತೆಗೆದು, ಉಪ್ಪು ಮೆಣಸಿನಕಾಯಿಯನ್ನು ಕಾದ ಬಾಣಲೆಗೆ ಹಾಕಿದ್ದಳು. ನಿವೃತ್ತ ಮೇಷ್ಟ್ರಾದ ನಾನು ಕೆಮ್ಮುತ್ತ ಟವೆಲ್ ಬೀಸುತ್ತಿದ್ದೆ. ಪಕ್ಕದ ಮನೆಯಿಂದ ಓಡಿಬಂದ ಹುಡುಗಿಯೊಬ್ಬಳು ಕುರ್ಚಿ ಹತ್ತಿ ಅಲಾರಂ ನಿಲ್ಲಿಸಿದಳು. ಕುರ್ಚಿಯ ಮೇಲಿಂದಲೇ ಕೇಳಿದಳು:

“ಆಂಟಿ, ನಮ್ಮ ದೃಷ್ಟಿ ನಾವೇ ತೆಗೆದುಕೊಳ್ಳಬಹುದಾ?”

“ಅದು ಹೇಗಾಗುತ್ತೆ? ಇನ್ನೊಬ್ಬರ ಕೈ ಬೇಕು ಕಣಮ್ಮ. ಮೊದಲು ಕೆಳಗಿಳಿ.”

ಸಿಂಚನಾ ಮೈಸೂರಿನಿಂದ ಓದಲು ಬಂದು ಇಲ್ಲೇ ನಿಂತವಳು. ಹತ್ತಿರದ ಪುಕೆಕೊಹೆ ಊರಿನಲ್ಲಿ ತರಕಾರಿ ಪ್ಯಾಕ್ ಮಾಡುವ ಕಡೆ ಈರುಳ್ಳಿಯ ಗುಣಮಟ್ಟ ನೋಡುವ ಕೆಲಸ. ಬಿಡುವಿನಲ್ಲಿ ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಮಾಯಾಲೋಕದ ಕಾದಂಬರಿ ಬರೆಯುತ್ತಿದ್ದಳು. ಆ ಲೋಕದಲ್ಲಿ ಹೊಟ್ಟೆಕಿಚ್ಚೇ ಶಕ್ತಿ. ಇನ್ನೊಬ್ಬರಿಗೆ ತಗುಲಿದ ಕಣ್ಣನ್ನು ಹಿಡಿ ಉಪ್ಪಿನಲ್ಲಿ ಇಳಿಸಿಕೊಂಡವರು ಅದನ್ನು ಬೆಂಕಿಯಾಗಿ ಎಸೆಯಬಲ್ಲರು. ಇಂದಿರೆಯ ಉತ್ತರವೂ ಅಲ್ಲಿ ನಿಯಮವಾಯಿತು: ಯಾರೂ ತಮಗೆ ತಗುಲಿದ್ದನ್ನು ತಾವೇ ಇಳಿಸಿಕೊಳ್ಳಲಾರರು. ಎಲ್ಲರನ್ನೂ ಕಾಪಾಡುವ ನಾಯಕಿ ತಾರಿಣಿ, ಕೊನೆಯಲ್ಲಿ ತನಗೇ ತಗುಲಿದ ಕಣ್ಣುಗಳ ಭಾರಕ್ಕೆ ಕುಸಿಯುತ್ತಾಳೆ; ಗೆಳತಿ ಬಂದು ದೃಷ್ಟಿ ತೆಗೆದು ಉಳಿಸುತ್ತಾಳೆ.

ಪ್ರಕಾಶಕರೊಬ್ಬರು ಮೆಚ್ಚಿದರು. ಅವರ ಸಂಪಾದಕಿಯದು ಒಂದೇ ಷರತ್ತು: ತಾರಿಣಿ ತನ್ನನ್ನು ತಾನೇ ಉಳಿಸಿಕೊಳ್ಳಬೇಕು.

“ಆಯಮ್ಮನಿಗೆ ಯಾರೂ ದೃಷ್ಟಿ ತೆಗೆದೇ ಇಲ್ಲ ಅನ್ನಿಸುತ್ತೆ,” ಎಂದಳು ಇಂದಿರಾ.

ಪುಸ್ತಕ ಹೊರಬರಲೆಂಬ ಆಸೆಗೆ ಸಿಂಚನಾ ಆ ನಿಯಮವನ್ನೇ ತೆಗೆದುಹಾಕಿ ಚಳಿಗಾಲವಿಡೀ ತಿದ್ದಿ ಬರೆದಳು. ಸಂಪಾದಕಿಯ ಉತ್ತರ ಬಂದ ಸಂಜೆ ಫೋನನ್ನು ನಮ್ಮ ಸೋಫಾದ ಮೇಲೆ ಎಸೆದಳು.

“ಈಗ ಮಾಯೆ ತೀರಾ ಸುಲಭವಾಯಿತಂತೆ ಮೇಷ್ಟ್ರೇ! ಭಯವೇ ಇಲ್ಲವಂತೆ! ಭಯ ಇದ್ದದ್ದೇ ಆ ನಿಯಮದಲ್ಲಿ. ಕಿತ್ತುಹಾಕಿಸಿದವರು ಯಾರು?”

“ಹಳೆಯದನ್ನೇ ಕಳುಹಿಸಮ್ಮ,” ಎಂದೆ.

“ಅದೂ ಸರಿಯಿಲ್ಲ. ಕರೆಯದೇ ಗೆಳತಿ ಬಂದುಬಿಟ್ಟರೆ ತಾರಿಣಿ ಮಾಡಿದ್ದೇನು?” ಎಂದು ನನ್ನ ಮೇಲೂ ರೇಗಿದಳು.

ಮರುದಿನ ಹಸ್ತಪ್ರತಿಯನ್ನು ಹಿಂದಕ್ಕೆ ಪಡೆದಳು. ಬೇರೆ ಪ್ರಕಾಶಕರು ಇನ್ನೂ ಸಿಕ್ಕಿಲ್ಲ.

ಈಗ ನಿಯಮ ಮತ್ತೆ ಕಾದಂಬರಿಯೊಳಗೆ ಬಂದಿದೆ, ಗೆಳತಿ ಹೊರಹೋಗಿದ್ದಾಳೆ. ತಾರಿಣಿಯ ಎದುರು ನಿಂತಿರುವುದು, ಅವಳನ್ನು ಕಂಡರೆ ಉರಿಯುವ ಶತ್ರು ಮಾತ್ರ. ಆ ಶತ್ರುವಿನ ಮುಂದೆಯೇ ತಾರಿಣಿ ತಲೆಬಾಗಿ “ನನ್ನ ದೃಷ್ಟಿ ತೆಗೆ” ಎಂದು ಕೇಳಬೇಕು. ಆ ಒಂದು ಪುಟವನ್ನು ಸಿಂಚನಾ ದಿನವೂ ಕೆಲಸ ಮುಗಿಸಿ ಬಂದು ಬರೆಯುತ್ತಾಳೆ, ಗೊಣಗುತ್ತ ಅಳಿಸುತ್ತಾಳೆ. ತಾರಿಣಿ ಇನ್ನೂ ಬಾಯಿ ಬಿಟ್ಟಿಲ್ಲ.